ಫರೀದಾಬಾದಿನ ತಂಪು ವೃತ್ತ

ನಾನು ನಿಂತಿದ್ದು ಫರೀದಾಬಾದಿನ ಕೈಗಾರಿಕಾ ಪ್ರದೇಶದ ಒಂದು ತರಬೇತಿ ವರ್ಕ್‌ಶಾಪಿನ ಹಿಂದಿನ ಅಂಗಳದಲ್ಲಿ. ಎಡಕ್ಕೆ, ನಾಲ್ಕು ಕಾಲುಗಳ ಮೇಲೆ ಎದೆಮಟ್ಟಕ್ಕೆ ನಿಲ್ಲಿಸಿದ ಬಿಳಿ ಮರದ ಪೆಟ್ಟಿಗೆ. ಬಲಕ್ಕೆ, ಒಂದೇ ಕೋಣೆಯ ಮನೆ. ಅದರ ಬಾಗಿಲು ಅರ್ಧ ತೆರೆದಿತ್ತು. ಪೆಟ್ಟಿಗೆಯಿಂದ ಬಾಗಿಲಿಗೆ ಇಪ್ಪತ್ತೆರಡು ಹೆಜ್ಜೆ, ಆಮೇಲೆ ನಡೆದು ಎಣಿಸಿದ್ದೇನೆ. ಎರಡು ವರ್ಷದ ಹಿಂದಿನ ಜೂನ್, ಎರಡನೆಯ ಬುಧವಾರ, ಮಧ್ಯಾಹ್ನ ಎರಡೂ ಮುಕ್ಕಾಲು ಗಂಟೆ. ಕೈಗಡಿಯಾರ ನೋಡಿಕೊಂಡಿದ್ದೆ. ಏನನ್ನು ಕಂಡರೂ ಮೊದಲು ಹೊತ್ತನ್ನು ಗುರುತಿಸಿಕೊಳ್ಳುವುದು ನಮ್ಮ ಕೆಲಸದ ರೂಢಿ.

ಕಳೆದ ತಿಂಗಳು ಮತ್ತೆ ಅಲ್ಲಿಗೆ ಹೋಗಿದ್ದೆ. ಯಾರೋ ಕಾದ ನೆಲದ ಮೇಲೆ ಒಂದು ಬಕೆಟ್ ನೀರು ಚೆಲ್ಲಿದರು. ಸಿಮೆಂಟು, ಧೂಳು, ಲೇತಿನ ಎಣ್ಣೆ ಮೂರೂ ಸೇರಿದ ಒಂದು ವಾಸನೆ ಎದ್ದು ಬಂತು. ಆ ಬುಧವಾರವೂ ಹೀಗೆಯೇ ನೀರು ಚೆಲ್ಲಿತ್ತು, ಇದೇ ವಾಸನೆ ಎದ್ದಿತ್ತು. ಮನೆಗೆ ಬಂದು ಇದನ್ನು ಬರೆಯಲು ಕೂತೆ. ಆ ವರ್ಷದ್ದೆಲ್ಲವನ್ನೂ ಬರೆಯುವುದಿಲ್ಲ. ನನಗೆ ಖಚಿತವಾಗಿ ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಅದಕ್ಕೆ ಹಿಂದಿನ ಡಿಸೆಂಬರಿನಲ್ಲಿ ಬೆಂಗಳೂರಿನ ನಮ್ಮ ಹವಾಮಾನ ವಿಭಾಗದಿಂದ ನನ್ನನ್ನು ಒಂದು ವರ್ಷದ ಮಟ್ಟಿಗೆ ದೆಹಲಿಗೆ ಕಳಿಸಿದರು. ಹೆಂಡತಿಗೆ ಶಾಲೆಯ ಕೆಲಸ, ಒಂದು ವರ್ಷಕ್ಕೆಂದು ಅವಳು ಬರುವ ಹಾಗಿರಲಿಲ್ಲ. ರೋಹಿಣಿಯಲ್ಲಿ ಮೂರನೆಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಕೆಳಗಿನ ಮನೆಯವರು ಒಳ್ಳೆಯವರು. ನಮಸ್ತೆ ಎಂದರೆ ನಮಸ್ತೆ ಎನ್ನುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಭಾನುವಾರ ತರಕಾರಿ ಗಾಡಿಯ ಭಯ್ಯಾನಿಗೆ ಕೊತ್ತಂಬರಿಗಾಗಿ ‘ಥೋಡಾ ಧನಿಯಾ ಡಾಲ್ ದೋ’ ಎಂದದ್ದೇ ಆ ದಿನದ ನನ್ನ ಒಟ್ಟು ಮಾತು ಎಂದು ಎಷ್ಟೋ ಸಂಜೆ ಹೊಳೆಯುತ್ತಿತ್ತು.

ನನ್ನ ಕೆಲಸ ವಾಡಿಕೆಯನ್ನು ಕಟ್ಟುವುದು. ಪತ್ರಿಕೆಯಲ್ಲಿ ‘ವಾಡಿಕೆಗಿಂತ ಮೂರು ಡಿಗ್ರಿ ಹೆಚ್ಚು’ ಎಂದು ಬರುತ್ತದಲ್ಲ, ಆ ವಾಡಿಕೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಒಂದು ಜಾಗದಲ್ಲಿ ಮೂವತ್ತು ವರ್ಷ, ದಿನವೂ, ಅದೇ ಹೊತ್ತಿಗೆ, ಅದೇ ರೀತಿ ಯಾರಾದರೂ ಉಷ್ಣಮಾಪಕ ನೋಡಿ ಬರೆದಿರಬೇಕು. ಆ ಮೂವತ್ತು ವರ್ಷದ ಜೂನ್ ಹತ್ತನ್ನೆಲ್ಲ ಕೂಡಿ ಮೂವತ್ತರಿಂದ ಭಾಗಿಸಿದರೆ ಜೂನ್ ಹತ್ತರ ವಾಡಿಕೆ. ದೆಹಲಿಯ ಸುತ್ತ ಹೀಗೆ ಬರೆಯುವ ಸಣ್ಣ ಸಣ್ಣ ಕೇಂದ್ರಗಳಿದ್ದವು: ಒಂದು ಕಾಲೇಜಿನ ತಾರಸಿ, ಒಂದು ನರ್ಸರಿ, ಒಂದು ನೀರಿನ ಪಂಪುಮನೆ. ಅವರು ಬೆಳಿಗ್ಗೆ ಎಂಟೂವರೆಗೆ ಕನಿಷ್ಠ, ಸಂಜೆ ಐದೂವರೆಗೆ ಗರಿಷ್ಠ ತಾಪಮಾನವನ್ನು ನಮ್ಮ ಕಚೇರಿಗೆ ಫೋನಿನಲ್ಲಿ ಹೇಳಬೇಕು. ನಾನು ಅದನ್ನು ಕಂಪ್ಯೂಟರಿನ ಕೋಷ್ಟಕದಲ್ಲಿ ತುಂಬಬೇಕು. ಪಕ್ಕದ ಮೇಜಿನ ತನ್ವಿ ಆ ಅಂಕಿಗಳಿಂದ ನಕ್ಷೆ ಮಾಡುತ್ತಾಳೆ, ಒಂದೇ ತಾಪಮಾನ ಇರುವ ಊರುಗಳನ್ನು ಒಂದು ಗೆರೆಯಿಂದ ಸೇರಿಸುತ್ತಾಳೆ. ಸಾಮಾನ್ಯವಾಗಿ ಆ ಗೆರೆಗಳು ನದಿಯ ಹಾಗೆ ಒಟ್ಟೊಟ್ಟಿಗೆ ಬಾಗಿ ಹೋಗುತ್ತವೆ.

ತನ್ವಿಯ ಅಪ್ಪ ಅಮ್ಮ ಉಡುಪಿಯ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ದೆಹಲಿಯಲ್ಲಿ. ಇಪ್ಪತ್ತಮೂರು ವರ್ಷ. ಕನ್ನಡ ಅರ್ಥವಾಗುತ್ತಿತ್ತು. ಮಾತಾಡಲು ಹೊರಟರೆ ಎರಡನೆಯ ಪದಕ್ಕೆ ಹಿಂದಿ ಬರುತ್ತಿತ್ತು.

ಫರೀದಾಬಾದಿನಿಂದ ಫೋನು ಮಾಡುವವರು ಒಬ್ಬ ಗಂಡಸು. ಹಿಂದಿಯಲ್ಲಿ ಎರಡೇ ವಾಕ್ಯ ಹೇಳಿ ಇಟ್ಟುಬಿಡುತ್ತಿದ್ದರು. ಜನವರಿಯ ಒಂದು ಬೆಳಿಗ್ಗೆ, ಮಂಜಿನಲ್ಲಿ ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ, ಆ ದನಿ ಫೋನಿನಲ್ಲಿ ಹಿಂದಿನ ದಿನಗಳ ಅಂಕಿಗಳನ್ನು ತಾಳೆ ನೋಡುತ್ತಾ ತನ್ನಷ್ಟಕ್ಕೆ ಎಣಿಸತೊಡಗಿತು: “ನಾಲ್ಕು... ನಾಲ್ಕೂವರೆ... ಐದು...”

“ನೀವು ಕನ್ನಡದವರಾ?” ಎಂದೆ.

ಆ ಕಡೆ ಎಣಿಕೆ ನಿಂತಿತು. “ಹೌದು ಕಣ್ರೀ, ತುಮಕೂರು. ಅಲ್ಲಾ, ಆರು ವಾರದಿಂದ ನಿಮ್ಮ ಹತ್ರ ಹಿಂದಿ ಒದರ್ತಾ ಇದೀನಿ! ಮೊದಲೇ ಬಾಯಿಬಿಡೋದಲ್ವಾ?”

ಹಾಗೆ ನಂಜುಂಡಯ್ಯನವರು ಪರಿಚಯವಾದರು. ಅರವತ್ತನಾಲ್ಕು ವರ್ಷ. ಇಪ್ಪತ್ತೆರಡನೆಯ ವಯಸ್ಸಿಗೆ ಫಿಟ್ಟರ್ ಆಗಿ ಫರೀದಾಬಾದಿಗೆ ಬಂದವರು. ಹತ್ತು ವರ್ಷಕ್ಕೆ ಕಾರ್ಖಾನೆ ಬಿಟ್ಟ ಮೇಲೆ ಆ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಲೇತು ಕಲಿಸುತ್ತಿದ್ದರು, ಹಿಂದಿನ ಅಂಗಳದ ಕೋಣೆಯಲ್ಲಿಯೇ ವಾಸ. ಹೆಂಡತಿ ಲಲಿತಮ್ಮ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಂಗಳದಲ್ಲಿ ಉಷ್ಣಮಾಪಕಗಳನ್ನಿಟ್ಟ ಆ ಬಿಳಿ ಪೆಟ್ಟಿಗೆಯನ್ನು ಯಾವುದೋ ಹಳೆಯ ಯೋಜನೆಯಲ್ಲಿ ಇಟ್ಟು ಹೋಗಿದ್ದರಂತೆ. ಯೋಜನೆ ಮುಗಿದು ಎಲ್ಲರೂ ಮರೆತರು. ಇವರು ಮಾತ್ರ ಬರೆಯುತ್ತಲೇ ಇದ್ದರು. ಆ ಡಿಸೆಂಬರಿಗೆ ಮೂವತ್ತು ವರ್ಷ ಪೂರ್ತಿಯಾಗಿತ್ತು. ಅಂದರೆ ಫರೀದಾಬಾದಿನ ಆ ಮೂಲೆಗೆ ಮೊದಲ ಸಲ ಅದರದೇ ಆದ ವಾಡಿಕೆ ಬರಲಿತ್ತು, ಅದನ್ನು ಕಟ್ಟಬೇಕಾದವನು ನಾನು.

ಅವರು ಮೂವತ್ತು ವರ್ಷದ ರಿಜಿಸ್ಟರುಗಳನ್ನು ಎರಡು ಗೋಣಿಚೀಲದಲ್ಲಿ ಕಳಿಸಿದರು. ನಾನು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವನ್ನು ಒಂದೊಂದೇ ಹಾಳೆ ತಿರುವಿ ಕಂಪ್ಯೂಟರಿಗೆ ಇಳಿಸಿದೆ. ಅಂಕಿಗಳ ಪಕ್ಕದಲ್ಲಿ ‘ಷರಾ’ ಎಂಬ ಖಾನೆ ಇತ್ತು. ಎಲ್ಲ ಕೇಂದ್ರಗಳಲ್ಲೂ ಅದು ಖಾಲಿಯೇ ಇರುತ್ತದೆ, ಇವರದರಲ್ಲಿ ಕನ್ನಡದಲ್ಲಿ ಎರಡೆರಡು ಮಾತು. ‘ಆಂಧಿ. ತಗಡು ಹಾರಿತು.’ ‘ಹೊಗೆ. ಕಣ್ಣು ಉರಿ.’ ‘ಪೆಟ್ಟಿಗೆಯಲ್ಲಿ ಅಳಿಲು ಮರಿ. ಓಡಿಸಲಿಲ್ಲ.’ ರೋಹಿಣಿಯ ಕೋಣೆಯಲ್ಲಿ ಯಾರೂ ಮಾತಾಡಿಸದ ಆ ದಿನಗಳಲ್ಲಿ ನನಗೆ ಓದಲು ಸಿಕ್ಕಿದ ಕನ್ನಡ ಅಷ್ಟೆ.

ದಿನಕ್ಕೆ ಎರಡು ಸಲ ಫೋನು. ಅಂಕಿ ಹೇಳಲು ಅರ್ಧ ನಿಮಿಷ, ಮಾತು ಹತ್ತು ನಿಮಿಷ.

“ಏನ್ರೀ ಪ್ರಸಾದ್, ನಿಮ್ಮ ವಾಡಿಕೆ ಪ್ರಕಾರ ಇವತ್ತು ಎಷ್ಟಿರಬೇಕಿತ್ತು?”

“ಇಪ್ಪತ್ತೊಂಬತ್ತು ದಶಮಾಂಶ ಆರು, ಸರ್.”

“ನಿಮ್ಮ ಹತ್ರ ನನ್ನ ಮೂವತ್ತು ವರ್ಷ ಇದೆಯಲ್ಲ. ಈ ತಾರೀಕಿಗೆ ಒಂದು ಸಲವಾದ್ರೂ ಇಪ್ಪತ್ತೊಂಬತ್ತು ದಶಮಾಂಶ ಆರು ಬಂದಿದೆಯಾ, ನೋಡಿ ಹೇಳಿ.”

ನೋಡಿದೆ. ಬಂದಿರಲಿಲ್ಲ.

“ಮೂವತ್ತು ವರ್ಷದಲ್ಲಿ ಒಂದು ದಿನಾನೂ ಬರದೇ ಇರೋದಕ್ಕೆ ವಾಡಿಕೆ ಅಂತ ಹೆಸರಿಟ್ಟಿದ್ದೀರಿ. ಸಂಬಳ ಬೇರೆ ಕೊಡ್ತಾರೆ ನಿಮಗೆ!” ಎಂದು ನಕ್ಕರು. ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಮಾರ್ಚಿನಲ್ಲಿ ಒಂದು ಹಾಳೆ ಸಿಕ್ಕಿತು. ಒಂಬತ್ತು ವರ್ಷದ ಹಿಂದಿನದು. ಷರಾ ಖಾನೆಯಲ್ಲಿ ‘ಲಲಿತ ಹೋದಳು, ಬೆಳಿಗ್ಗೆ ಆರು’ ಎಂದಿತ್ತು. ಆ ಸಾಲಿನಲ್ಲಿ ಎಂಟೂವರೆಯ ಅಂಕಿಯೂ ಇತ್ತು, ಐದೂವರೆಯ ಅಂಕಿಯೂ ಇತ್ತು. ಸಂಜೆ ಫೋನಿನಲ್ಲಿ ತಡೆಯಲಾಗದೆ ಕೇಳಿದೆ: “ಆ ದಿನಾನೂ ತಗೊಂಡ್ರಾ ಸರ್?”

“ತಗೊಂಡೆ. ಸಂಜೇದು ಸ್ಮಶಾನದಿಂದ ಬಂದು, ಸ್ನಾನ ಮಾಡಿ.” ಮತ್ತೆ ಹೇಳಿದರು: “ಬಿಟ್ಟಿದ್ರೆ ಅಲ್ಲಿ ಬರೀ ಖಾಲಿ ಇರೋದು ಪ್ರಸಾದ್. ಏನೂ ನಡೀಲೇ ಇಲ್ಲ ಅನ್ನೋ ಹಾಗೆ. ಅದೂ ಒಂದು ದಿನ ತಾನೇ?”

ಈ ಮಾತನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡೆ. ಖಾಲಿ ಬಿಡಬಾರದು ಎಂದು ಅರ್ಥ ಮಾಡಿಕೊಂಡೆ.

ನಾವು ಮುಖ ನೋಡಿರಲಿಲ್ಲ. ರೋಹಿಣಿಯಿಂದ ಫರೀದಾಬಾದ್ ಎಂದರೆ ಮೆಟ್ರೊದಲ್ಲಿ ದೆಹಲಿಯನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. “ಬನ್ನಿ, ಮುದ್ದೆ ಮಾಡ್ತೀನಿ. ರಾಗಿ ಹಿಟ್ಟು ಸರೋಜಿನಿ ನಗರದಿಂದ ತರಿಸಿದೀನಿ” ಎನ್ನುತ್ತಿದ್ದರು. ಮುಂದಿನ ಭಾನುವಾರ ಎನ್ನುತ್ತಿದ್ದೆ. ಭಾನುವಾರ ಬಂದರೆ ಬಟ್ಟೆ ಒಗೆದು ಮಲಗಿಬಿಡುತ್ತಿದ್ದೆ. ಒಂಟಿಯಾಗಿದ್ದೇನೆ ಎಂದು ಕೊರಗುತ್ತಿದ್ದವನಿಗೆ ಕರೆದ ಕಡೆಗೆ ಎದ್ದು ಹೋಗಲು ಆಗಲಿಲ್ಲ.

ಮೇ ಕೊನೆಯ ಹೊತ್ತಿಗೆ ಲೂ ಬೀಸತೊಡಗಿತು. ದೆಹಲಿಯಲ್ಲಿ ಬೇಸಿಗೆ ಕಳೆದವರಿಗೆ ಈ ಗಾಳಿಯನ್ನು ಹೇಳಬೇಕಾಗಿಲ್ಲ. ಬಾಗಿಲು ತೆರೆದರೆ ಯಾರೋ ಒಲೆಯ ಬಾಯಿಗೆ ಮುಖ ಹಿಡಿದ ಹಾಗೆ. ನಲ್ಲಿಯ ನೀರು ಮಧ್ಯಾಹ್ನ ಕೈ ಸುಡುತ್ತಿತ್ತು. ತಾರಸಿಯ ಸಿಂಟೆಕ್ಸ್ ಟ್ಯಾಂಕು ರಾತ್ರಿಯೂ ಬಿಸಿ. ಹಗಲಿನ ಗರಿಷ್ಠದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಜೀವಕ್ಕೆ ಕುತ್ತು ತರುವುದು ರಾತ್ರಿ ಇಳಿಯದೆ ಉಳಿಯುವ ಕನಿಷ್ಠ. ಜೂನಿನ ಎರಡನೆಯ ವಾರ ಅದು ಇಳಿಯಲೇ ಇಲ್ಲ.

“ವರ್ಕ್‌ಶಾಪಿಗೆ ರಜೆ ಕೊಟ್ರು. ಹುಡುಗರು ಇಲ್ಲ. ನಾನೂ ಗೇಟಿನ ಮಹಿಪಾಲನೂ ಇಬ್ಬರೇ,” ಎಂದರು ನಂಜುಂಡಯ್ಯನವರು ಭಾನುವಾರ ಸಂಜೆ, ಆ ದಿನ ನನಗೆ ಕಚೇರಿಯಲ್ಲಿ ಪಾಳಿ ಇತ್ತು. “ಕೂಲರ್ ಇದೆ. ಕರೆಂಟ್ ಇದ್ರೆ.”

“ಸರ್, ತುಮಕೂರಿಗೆ ಹೋಗಿ ಬರಬಾರದಾ ಒಂದು ತಿಂಗಳು?”

“ಆಗ ಇದನ್ನ ಯಾರು ಓದ್ತಾರೆ, ನೀವು ಬರ್ತೀರಾ? ಮುದ್ದೆಗೇ ಬರಲಿಲ್ಲ.” ನಕ್ಕರು. “ಹೋಗ್ಲಿ ಬಿಡಿ. ಬರ್ಕೊಳ್ಳಿ, ನಲವತ್ನಾಲ್ಕು ದಶಮಾಂಶ ಎಂಟು.”

ಅದು ನಾನು ಕೇಳಿದ ಅವರ ಕೊನೆಯ ಮಾತು. ಸೋಮವಾರ ಬೆಳಿಗ್ಗೆ ನಾನು ತಡವಾಗಿ ಹೋದೆ, ಆ ಫೋನನ್ನು ತನ್ವಿ ತೆಗೆದುಕೊಂಡಿದ್ದಳು.

ಸೋಮವಾರ ಸಂಜೆ ಐದೂವರೆಗೆ ಫೋನು ಬರಲಿಲ್ಲ. ಆರಕ್ಕೆ ನಾನೇ ಮಾಡಿದೆ, ಸ್ವಿಚ್ ಆಫ್ ಎಂದಿತು. ಅಲ್ಲೆಲ್ಲ ಕರೆಂಟು ಹೋಗುತ್ತಿದೆ ಎಂದು ಕಚೇರಿಯಲ್ಲಿ ಮಾತಾಗುತ್ತಿತ್ತು. ಚಾರ್ಜ್ ಇರಲಿಕ್ಕಿಲ್ಲ ಎಂದುಕೊಂಡೆ.

ಇಲ್ಲಿ ನಮ್ಮ ಕಚೇರಿಯ ಒಂದು ನಿಯಮ ಹೇಳಬೇಕು. ಒಂದು ಕೇಂದ್ರದಿಂದ ಎರಡು ಅಳತೆ ಒಂದಾದ ಮೇಲೊಂದು ಬಾರದಿದ್ದರೆ ಕೋಷ್ಟಕದ ಆ ಸಾಲು ತಾನಾಗಿಯೇ ಕೆಂಪಾಗುತ್ತದೆ. ಕೆಂಪಾದ ಕೂಡಲೇ ಕ್ಷೇತ್ರ ವಿಭಾಗದವರು ಒಬ್ಬರನ್ನು ಅದೇ ದಿನ ಜೀಪಿನಲ್ಲಿ ಅಲ್ಲಿಗೆ ಕಳಿಸಬೇಕು. ಉಪಕರಣ ಕೆಟ್ಟಿದೆಯೋ, ನೋಡುವವರು ಇಲ್ಲವೋ, ಹೋಗಿ ಕಂಡು ಬರಬೇಕು.

ನಾನು ಆ ಖಾನೆಯ ಮುಂದೆ ಕುಳಿತಿದ್ದೆ. ಮೂವತ್ತು ವರ್ಷದಲ್ಲಿ ಒಂದೂ ಖಾಲಿ ಇರದ ಕೋಷ್ಟಕ ಅದು. ಒಂದು ಕರೆಂಟಿನ ದೆಸೆಯಿಂದ ಅದಕ್ಕೆ ತೂತು ಬೀಳುವುದು ನನಗೆ ಸರಿಕಾಣಲಿಲ್ಲ. ನಾಳೆ ಅವರೇ ಫೋನು ಮಾಡಿ ನಿಜವಾದ ಅಂಕಿ ಕೊಡುತ್ತಾರೆ, ಆಗ ತಿದ್ದಿದರಾಯಿತು. ಅಲ್ಲಿಯವರೆಗೆ ಆ ದಿನದ ವಾಡಿಕೆಯನ್ನು ತುಂಬಿದೆ. ನಲವತ್ತು ದಶಮಾಂಶ ಮೂರು. ಅವರದೇ ಮೂವತ್ತು ವರ್ಷವನ್ನು ಕೂಡಿ ಭಾಗಿಸಿ ನಾನೇ ತೆಗೆದ ಅಂಕಿ.

ಮಂಗಳವಾರ ಬೆಳಿಗ್ಗೆಯೂ ಫೋನು ಬರಲಿಲ್ಲ. ಅದನ್ನೂ ತುಂಬಿದೆ. ಸಾಲು ಕೆಂಪಾಗಲಿಲ್ಲ. ಮಂಗಳವಾರ ಸಂಜೆ ತುಂಬಿದೆ. ಬುಧವಾರ ಬೆಳಿಗ್ಗೆ ತುಂಬಿದೆ. ಪ್ರತಿ ಸಲವೂ ಮೊದಲು ಫೋನು ಮಾಡಿ ನೋಡಿದೆ, ಪ್ರತಿ ಸಲವೂ ಸ್ವಿಚ್ ಆಫ್. ನಾಲ್ಕನೆಯ ಸಲ ತುಂಬುವಾಗ ನನ್ನ ಕೈ ಹಿಂಜರಿಯಿತೇ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಹಿಂಜರಿದ ನೆನಪಿಲ್ಲ. ಚಹಾ ತರಿಸಿ ಕುಡಿದ ನೆನಪಿದೆ.

ಮಂಗಳವಾರ ತನ್ವಿ ರಜೆಯಲ್ಲಿದ್ದಳು. ಬುಧವಾರ ಬಂದು ಎರಡು ದಿನದ ನಕ್ಷೆಯನ್ನೂ ಒಟ್ಟಿಗೆ ಮಾಡಿದಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕುರ್ಚಿ ತಿರುಗಿಸಿ ಕರೆದಳು.

“ಸರ್, ಇದು ನೋಡಿ. ಕುಛ್ ಗಡ್‌ಬಡ್ ಇದೆ. ಫರೀದಾಬಾದ್ ಮಾತ್ರ ಠಂಡಾ ಹೇಗೆ?”

ಪರದೆಯ ಮೇಲೆ ಹರಿಯಾಣ, ದೆಹಲಿ, ಉತ್ತರ ಪ್ರದೇಶದ ಅಂಚು ಎಲ್ಲ ಕಡುಗೆಂಪು. ಗೆರೆಗಳು ಪಶ್ಚಿಮದಿಂದ ಬಂದು ನೇರವಾಗಿ ಸಾಗಬೇಕಿತ್ತು. ಫರೀದಾಬಾದಿನ ಹತ್ತಿರ ಅವು ಬೆದರಿದ ಹಾಗೆ ಎರಡಾಗಿ ಸೀಳಿ ಸುತ್ತು ಹಾಕಿ ಹೋಗಿದ್ದವು. ನಡುವೆ ಒಂದರೊಳಗೊಂದು ಮೂರು ಪುಟ್ಟ ವೃತ್ತ. ತಿಳಿ ಹಳದಿ ಬಣ್ಣ. ಅಷ್ಟು ಜಾಗದಲ್ಲಿ ಹಿತವಾದ ನೆರಳಿದೆ ಎನ್ನುವ ಹಾಗೆ.

“ಎರಡು ದಿನಾನೂ ಸೇಮ್,” ಎಂದಳು. “ಅಲ್ಲಿ ಬಾರಿಶ್ ಬಂತಾ? ಅಂಕಲ್‌ಗೆ ಕೇಳ್ಲಾ, ಪೂಛ್ ಲೂಂ?” ನಂಜುಂಡಯ್ಯನವರನ್ನು ಅವಳು ಅಂಕಲ್ ಎನ್ನುತ್ತಿದ್ದಳು. ನಾನಿಲ್ಲದಾಗ ಅವಳೂ ಫೋನು ತೆಗೆದುಕೊಂಡದ್ದುಂಟು.

ಆ ವೃತ್ತವನ್ನು ನಾನು ಎಷ್ಟು ಹೊತ್ತು ನೋಡಿದೆನೋ ಹೇಳಲಾರೆ. ಅದೊಂದಕ್ಕೆ ಹೊತ್ತು ಗುರುತಿಸಿಲ್ಲ.

“ಅದು ನಾನು ತುಂಬಿದ್ದು,” ಎಂದೆ.

“ಮತಲಬ್?”

“ಫೋನ್ ಬಂದಿಲ್ಲ. ಸೋಮವಾರ ಸಂಜೆಯಿಂದ.”

ಅವಳು ನನ್ನ ಮುಖ ನೋಡಿದಳು. ಚೀಲ ಎತ್ತಿಕೊಂಡು “ಚಲೋ ಸರ್” ಎಂದಳು.

ಕ್ಷೇತ್ರ ವಿಭಾಗದ ಜೀಪು ಬೇರೆಲ್ಲೋ ಹೋಗಿತ್ತು. ಮೆಟ್ರೊ ಹಿಡಿದೆವು. ಒಳಗೆ ಏಸಿಯ ತಣ್ಣನೆ ಗಾಳಿಯಲ್ಲಿ ಇಬ್ಬರೂ ನಿಂತೇ ಹೋದೆವು. ಅವಳು ನಾಲ್ಕು ಸಲ ಅವರ ನಂಬರು ಒತ್ತಿದಳು. ಸ್ಟೇಷನ್ನಿನ ಹೊರಗೆ ರಸ್ತೆ ಬದಿಗೆ ಶಾಮಿಯಾನ ಹಾಕಿ ಸರ್ದಾರ್ಜಿಗಳ ಗುಂಪೊಂದು ದಾರಿಹೋಕರಿಗೆಲ್ಲ ಗುಲಾಬಿ ಶರಬತ್ತು ಹಂಚುತ್ತಿತ್ತು. ಒಬ್ಬ ಮುದುಕ ದಾರಿಗೆ ಅಡ್ಡ ಬಂದು ನಮ್ಮ ಕೈಗೆ ಲೋಟ ಕೊಟ್ಟ. “ಪೀ ಲೋ ಬೇಟಾ, ಪೀ ಕೇ ಜಾವೋ.” ಕುಡಿದೆ. ಸಿಹಿಯಾಗಿತ್ತು, ತಣ್ಣಗಿತ್ತು. ಆ ಹೊತ್ತಿನಲ್ಲಿ ಅದನ್ನು ಪೂರ್ತಿ ಕುಡಿದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಗೇಟಿನಲ್ಲಿ ಮಹಿಪಾಲ್ ಒದ್ದೆ ಗಮಚಾ ಕತ್ತಿಗೆ ಸುತ್ತಿಕೊಂಡು ಕುಳಿತಿದ್ದ. ನಲವತ್ತರ ಆಸುಪಾಸಿನವನು, ಪಲ್ವಲ್ ಕಡೆಯವನು.

“ರಾವ್ ಸಾಹಬ್? ಒಳಗೇ ಇದಾರೆ,” ಎಂದ ಹಿಂದಿಯಲ್ಲಿ. ಅವನು ಎಲ್ಲ ಮದರಾಸಿಗಳನ್ನೂ ರಾವ್ ಸಾಹಬ್ ಎನ್ನುತ್ತಿದ್ದನಂತೆ. “ಬೀದಿಯ ಟ್ರಾನ್ಸ್‌ಫಾರ್ಮರ್ ಸೋಮವಾರ ಸುಟ್ಟುಹೋಯ್ತು. ನಿನ್ನೆ ಸಂಜೆ ಬಂದು ನನ್ನ ಫೋನ್ ಕೇಳಿದರು. ನನ್ನದೂ ಸತ್ತಿತ್ತು. ಬಹಳ ಸುಸ್ತಾಗಿ ಕಾಣಿಸಿದರು. ಮಲಗಿ ರಾವ್ ಸಾಹಬ್ ಅಂದೆ. ‘ಸಾಡೇ ಪಾಂಚ್ ಬಜನೇ ದೋ, ಫಿರ್’ ಅಂದರು, ಐದೂವರೆ ಆಗಲಿ ಆಮೇಲೆ ಅಂತ.”

“ಇವತ್ತು ನೋಡಿದೆಯಾ?”

“ಬೆಳಿಗ್ಗೆ, ದೂರದಿಂದ. ತಲೆ ಮೇಲೆ ಒದ್ದೆ ಟವೆಲ್ ಹಾಕ್ಕೊಂಡು ಆ ಡಬ್ಬದ ಹತ್ತಿರ ನಿಂತಿದ್ದರು.”

ಹಿಂದಕ್ಕೆ ಹೋದೆವು. ಎರಡೂ ಮುಕ್ಕಾಲು.

ಅವರು ಕೋಣೆಯೊಳಗೆ ಮಂಚಕ್ಕೂ ಬಾಗಿಲಿಗೂ ನಡುವೆ ನೆಲದ ಮೇಲಿದ್ದರು. ಬಾಗಿಲ ಕಡೆಗೆ ಮುಖ. ತಲೆಯ ಟವೆಲು ಒಣಗಿ ಗಟ್ಟಿಯಾಗಿತ್ತು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ತನ್ವಿ ಮಂಡಿಯೂರಿ ಮಣಿಕಟ್ಟು ಹಿಡಿದಳು, ಆಮೇಲೆ ಕತ್ತಿನ ಬದಿಗೆ ಬೆರಳಿಟ್ಟಳು, ಆಮೇಲೆ ಕೈ ತೆಗೆಯದೆ ಹಾಗೆಯೇ ಕುಳಿತಳು. ಮಹಿಪಾಲ್ ಓಡಿ ಬಕೆಟ್ಟಿನಲ್ಲಿ ನೀರು ತಂದ, ಒಳಗೆ ನೋಡಿ ಹೊಸಿಲ ಬಳಿ ನಿಂತ, ಬಕೆಟ್ ಅವನ ಕೈಯಿಂದ ಜಾರಿ ಹೊರಗಿನ ಸಿಮೆಂಟಿನ ಮೇಲೆ ಚೆಲ್ಲಿತು.

ಸ್ಟೂಲಿನ ಮೇಲೆ ರಿಜಿಸ್ಟರು ತೆರೆದಿತ್ತು, ಮೇಲೆ ಪೆನ್ಸಿಲು. ನಾನು ಬಗ್ಗಿ ನೋಡಿದೆ. ಅಲ್ಲಿ ಖಾಲಿ ಇರಲಿಲ್ಲ.

ಸೋಮವಾರ ಸಂಜೆ ಬರೆದಿದ್ದರು: ನಲವತ್ತೈದು ದಶಮಾಂಶ ಎರಡು. ಷರಾ: ‘ಕರೆಂಟ್ ಇಲ್ಲ. ಪ್ರಸಾದ್‌ಗೆ ಹೇಳಬೇಕು.’ ಮಂಗಳವಾರ ಬೆಳಿಗ್ಗೆ ಬರೆದಿದ್ದರು, ಅಕ್ಷರ ಗೆರೆಯಿಂದ ಸ್ವಲ್ಪ ಮೇಲೆ ಹೋಗಿತ್ತು. ಮಂಗಳವಾರ ಸಂಜೆ ಬರೆದಿದ್ದರು, ನಲವತ್ತಾರಕ್ಕೆ ಸ್ವಲ್ಪ ಕಡಿಮೆ. ಷರಾ: ‘ಹೇಳಬೇಕು.’ ಬುಧವಾರ ಬೆಳಿಗ್ಗೆಯ ಅಂಕಿ ತನ್ನ ಖಾನೆ ದಾಟಿ ಪಕ್ಕದ ಖಾನೆಗೆ ಬಿದ್ದಿತ್ತು, ಆದರೂ ಓದಲು ಬರುತ್ತಿತ್ತು. ಹೊತ್ತನ್ನೂ ಬರೆದಿದ್ದರು. ಎಂಟೂವರೆ.

ನಾನು ಅವರ ಹೆಸರಿನ ಮುಂದೆ ವಾಡಿಕೆಯನ್ನು ತುಂಬಿದ ಆ ನಾಲ್ಕು ಹೊತ್ತಿನಲ್ಲೂ ಅವರು ಇದ್ದರು. ಇಪ್ಪತ್ತೆರಡು ಹೆಜ್ಜೆ ಹೋಗಿ, ಪೆಟ್ಟಿಗೆ ತೆರೆದು, ನೋಡಿ, ಇಪ್ಪತ್ತೆರಡು ಹೆಜ್ಜೆ ಬಂದು ಬರೆದಿದ್ದರು. ಖಾಲಿ ಬಿಟ್ಟಿದ್ದರೆ ಸಾಲು ಮಂಗಳವಾರ ಬೆಳಿಗ್ಗೆ ಕೆಂಪಾಗುತ್ತಿತ್ತು. ಮಂಗಳವಾರ ಮಧ್ಯಾಹ್ನ ಜೀಪು ಬರುತ್ತಿತ್ತು.

ಆಂಬುಲೆನ್ಸಿನಲ್ಲಿ ತನ್ವಿ ಹೋದಳು. ಪೊಲೀಸರಿಗೆ ಹೇಳಿಕೆ ಬರೆಸಲು ನಾನು ಉಳಿದೆ. ಆಸ್ಪತ್ರೆಯಿಂದ ಅವಳು ಫೋನು ಮಾಡಿ ಹೇಳಿದಳು: ಪ್ರಾಣ ಹೋಗಿ ಕೆಲವು ಗಂಟೆಯಾಗಿದೆ, ಬಿಸಿಲಿನ ಹೊಡೆತ. “ಡಾಕ್ಟರ್ ಹೇಳಿದ್ರು, ನಿನ್ನೆ ತಂದಿದ್ರೆ, ಕಲ್ ಲೇ ಆತೇ ತೋ...” ಎಂದು ನಿಲ್ಲಿಸಿದಳು. ಮುಂದಕ್ಕೆ ಡಾಕ್ಟರು ಹೇಳಲಿಲ್ಲವೋ ಇವಳು ಹೇಳಲಿಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಪೊಲೀಸರು ಹೋದಾಗ ಐದು ದಾಟಿತ್ತು. ಬೇವಿನ ಮರದ ನೆರಳು ಪೆಟ್ಟಿಗೆಯ ಬುಡಕ್ಕೆ ಬಂದಿತ್ತು. ಮಹಿಪಾಲ್ ಗೋಡೆಗೆ ಒರಗಿ ಕುಳಿತಿದ್ದ.

“ಬಾಬೂಜಿ, ಸಾಡೇ ಪಾಂಚ್ ಬಜ್ ಗಯೇ,” ಎಂದ.

ಐದೂವರೆಯಾಯಿತೆಂದು ಅವನು ಯಾಕೆ ಹೇಳಿದ ಎಂದು ಮೊದಲು ತಿಳಿಯಲಿಲ್ಲ. ದಿನಾ ಆ ಹೊತ್ತಿಗೆ ಅವರು ಕೋಣೆಯಿಂದ ಹೊರಗೆ ಬರುವುದನ್ನು ನೋಡಿ ಅವನು ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದನಂತೆ.

ಎದ್ದು ಪೆಟ್ಟಿಗೆ ತೆರೆದೆ. ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದೂ ಕೈಯಾರೆ ಅಳತೆ ತೆಗೆದುಕೊಂಡದ್ದು ಕಡಿಮೆ. ಪಾದರಸದ ಮಟ್ಟಕ್ಕೆ ಕಣ್ಣು ತಂದು, ಉಸಿರು ಬಿಗಿಹಿಡಿದು ಓದಿದೆ. ಮೂಲೆಯಲ್ಲಿ ತಾನಾಗಿಯೇ ಕಾಗದದ ಮೇಲೆ ಗೆರೆ ಎಳೆಯುವ ಕೀಲಿಯ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದಕ್ಕೆ ಕರೆಂಟು ಬೇಡ. ಸೋಮವಾರ ಬೆಳಿಗ್ಗೆ ಅವರು ಹೊಸ ಕಾಗದ ಹಾಕಿ ಕೀಲಿ ಕೊಟ್ಟಿದ್ದರು. ಒಳಗೆ ಹೋಗಿ ಅವರ ಸಾಲಿನಲ್ಲಿ ಬುಧವಾರ ಸಂಜೆಯ ಖಾನೆಯಲ್ಲಿ ಅಂಕಿ ಬರೆದೆ. ಷರಾದ ಖಾನೆ ಉಳಿದಿತ್ತು. ನೋಡುವವರು ಬದಲಾದರೆ ನಮೂದಿಸಬೇಕು ಎಂಬುದೊಂದು ನಿಯಮವಿದೆ. ‘ಇಂದು ಓದಿದವರು ಬೇರೆ’ ಎಂದು ಬರೆದೆ.

ತುಮಕೂರಿನಿಂದ ಅವರ ತಮ್ಮನ ಮಗ ಮರುದಿನ ವಿಮಾನದಲ್ಲಿ ಬಂದು ಕ್ರಿಯೆ ನಡೆಸಿದ. ನಾಲ್ಕೇ ಜನ ಇದ್ದೆವು.

ನಾನು ಮಾಡಿದ್ದನ್ನು ಕಚೇರಿಯ ಮುಖ್ಯಸ್ಥರಾದ ತ್ಯಾಗಿ ಸಾಹೇಬರಿಗೆ ಬರೆದು ಕೊಟ್ಟೆ. ಅವರು ಎರಡು ಸಲ ಓದಿದರು. “ಭರ್ ದಿಯಾ? ಚಾರೋಂ?” ಎಂದರು, ನಾಲ್ಕನ್ನೂ ತುಂಬಿದಿರಾ ಎಂದು. ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಅಂಕಿಗಳನ್ನು ತೆಗೆಯೋಣ. ಅವರದನ್ನು ಹಾಕುವುದು ಕಷ್ಟ, ಪ್ರಸಾದ್‌ಜಿ. ಬಿಸಿಲು ತಲೆಗೇರಿದ ಮನುಷ್ಯ ಬರೆದದ್ದು. ಅಕ್ಷರ ನೋಡಿ. ಅಕ್ಕಪಕ್ಕದ ಕೇಂದ್ರಗಳಿಂದ ಅಂದಾಜು ಮಾಡಿ ಹಾಕಿಬಿಡಿ.”

ಇನ್ನೊಂದು ಸಲ ತುಂಬು ಎಂದರು. ಅವರು ಕೆಟ್ಟವರಲ್ಲ, ನಿಯಮ ಹಾಗೇ ಇದೆ. ನಾನು ಆ ಯಂತ್ರ ಗೆರೆ ಎಳೆದ ಕಾಗದವನ್ನು ಮೇಜಿನ ಮೇಲೆ ಹಾಸಿದೆ. ತನ್ವಿ ಸ್ಕೇಲು ಹಿಡಿದಳು. ಸೋಮವಾರ ಸಂಜೆ, ಮಂಗಳವಾರ ಬೆಳಿಗ್ಗೆ, ಮಂಗಳವಾರ ಸಂಜೆ, ಬುಧವಾರ ಬೆಳಿಗ್ಗೆ. ಯಂತ್ರದ ನೇರಳೆ ಶಾಯಿಯ ಗೆರೆಯೂ ಅವರ ಪೆನ್ಸಿಲಿನ ಅಂಕಿಯೂ ನಾಲ್ಕು ಕಡೆಯೂ ಕೂಡಿದವು. ನಿಲ್ಲಲಾಗದ ಮನುಷ್ಯ ಒಂದು ದಶಮಾಂಶವನ್ನೂ ತಪ್ಪು ಓದಿರಲಿಲ್ಲ.

ತ್ಯಾಗಿ ಸಾಹೇಬರು ನಾಲ್ಕೂ ಕಡೆ ಬೆರಳಿಟ್ಟು ತಾವೇ ತಾಳೆ ನೋಡಿದರು. “ಇವರದೇ ಹಾಕಿ,” ಎಂದರು.

ಹಾಕಿದೆ. ತನ್ವಿ ಎರಡು ನಕ್ಷೆಯನ್ನೂ ಮತ್ತೆ ಮಾಡಿದಳು. ಹಳದಿ ವೃತ್ತ ಹೋಯಿತು. ಗೆರೆಗಳು ಫರೀದಾಬಾದಿನ ಮೇಲೆ ಹಾದು ನೇರವಾಗಿ ಪೂರ್ವಕ್ಕೆ ಸಾಗಿದವು. ನನಗೆ ಶಿಕ್ಷೆ ಆಗಲಿಲ್ಲ. ಬರೆದುಕೊಟ್ಟ ಕಾಗದ ಫೈಲಿಗೆ ಸೇರಿತು. ಆಗಿದ್ದರೆ ಒಳ್ಳೆಯದಿತ್ತು ಎಂದು ಆಗಾಗ ಅನ್ನಿಸುತ್ತದೆ, ಅದಕ್ಕಾದರೂ ಒಂದು ಕೊನೆ ಇರುತ್ತಿತ್ತು.

ಉಳಿದ ಆರು ತಿಂಗಳು ಎಂಟೂವರೆಗೂ ಐದೂವರೆಗೂ ಫೋನಿನ ಹತ್ತಿರ ಇರುತ್ತಿದ್ದೆ. ಬೇರೆ ಕೇಂದ್ರಗಳವರು ಹಿಂದಿಯಲ್ಲಿ ಎರಡು ವಾಕ್ಯ ಹೇಳಿ ಇಡುತ್ತಿದ್ದರು. ಯಾರಾದರೂ ಹತ್ತು ನಿಮಿಷ ತಡವಾದರೆ ನಾನೇ ಫೋನು ಮಾಡಿ ‘ಊಟ ಆಯ್ತಾ, ನೀರು ಇದೆಯಾ’ ಎಂದು ಕೇಳುತ್ತಿದ್ದೆ. ಅವರಿಗೆ ಆಶ್ಚರ್ಯವಾಗುತ್ತಿತ್ತು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹಿಂತಿರುಗಿದೆ. ಆ ಕೇಂದ್ರವನ್ನು ಮುಚ್ಚಿದರು, ಓದುವವರು ಸಿಗಲಿಲ್ಲ.

ಕಳೆದ ತಿಂಗಳು ಕೆಲಸದ ಮೇಲೆ ದೆಹಲಿಗೆ ಹೋದಾಗ ಊರಿಗೆ ಹೊರಡುವ ದಿನ ಬೆಳಿಗ್ಗೆಯೇ ಮೆಟ್ರೊ ಹಿಡಿದೆ. ಮುದ್ದೆಗೆ ಕರೆದಾಗ ಹೋಗದ ದಾರಿ. ಅಂಗಳಕ್ಕೆ ಪೂರ್ತಿ ಸಿಮೆಂಟು ಹಾಕಿದ್ದಾರೆ. ಕೋಣೆಯಲ್ಲಿ ಈಗ ಕಬ್ಬಿಣದ ಸರಳು ಪೇರಿಸಿದ್ದಾರೆ. ಪೆಟ್ಟಿಗೆ ಇದ್ದ ಜಾಗದಲ್ಲಿ ಅದರ ನಾಲ್ಕು ಕಾಲುಗಳ ಗುರುತು, ನಾಲ್ಕು ಚೌಕ. ಸಿಮೆಂಟು ಹಾಕಿದವರು ಅದನ್ನು ಕಿತ್ತದ್ದು ಆಮೇಲೆ ಇರಬೇಕು. ಅಲ್ಲಿಂದ ಬಾಗಿಲಿಗೆ ಮತ್ತೊಮ್ಮೆ ನಡೆದೆ, ಇಪ್ಪತ್ತೆರಡು.

ಆ ವಾರದ ಬಿಸಿಯೂ ದೆಹಲಿಯ ಸುತ್ತಲಿನ ಒಟ್ಟು ಪ್ರದೇಶದ ಮುಂದಿನ ವಾಡಿಕೆಯ ಲೆಕ್ಕಕ್ಕೆ ಹೋಗುತ್ತದೆ ಎಂದು ಒಂದು ದಿನ ಕೂಡಿ ನೋಡಿದ್ದೆ. ನಾಲ್ಕು ಅಳತೆಯಿಂದ ಮೂವತ್ತು ವರ್ಷದ ಸರಾಸರಿ ಅಲುಗುವುದಿಲ್ಲ. ಬಿಟ್ಟರೂ ಅಷ್ಟೇ ಬರುತ್ತದೆ, ಸೇರಿಸಿದರೂ ಅಷ್ಟೇ ಬರುತ್ತದೆ. ಸೇರಿಸಿದ್ದೇನೆ.

ಆ ಪುಟವನ್ನು ಅದು ಇದ್ದ ಜಾಗದಲ್ಲಿ, ನಾನು ಅದರಲ್ಲಿ ಬರೆಯುವ ಮೊದಲು, ಪೆನ್ಸಿಲು ಮೇಲಿರುವಂತೆಯೇ ನೋಡಿದವರು ನನ್ನನ್ನು ಬಿಟ್ಟು ಇಬ್ಬರಿದ್ದಾರೆ. ತನ್ವಿ ಈಗ ಗುರುಗ್ರಾಮದಲ್ಲಿ ಬೇರೆ ಕೆಲಸದಲ್ಲಿದ್ದಾಳೆ, ನಕ್ಷೆ ಮಾಡುವುದಿಲ್ಲ. ಮಹಿಪಾಲ್ ಅದೇ ಗೇಟಿನಲ್ಲಿದ್ದಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಷರಾದಲ್ಲಿ ಏನಿತ್ತು ಎಂದು ಆ ದಿನವೇ ಕೇಳಿ ತಿಳಿದುಕೊಂಡಿದ್ದ. ಇಬ್ಬರೂ ಇದ್ದಾರೆ. ಕೇಳಿದರೆ ಹೇಳುತ್ತಾರೆ.